ಪನೀರೂ ನಮ್ಮ ಹೆಣ್ಣುಮಕ್ಕಳ ದೇಹಪುಷ್ಟಿಯೂ

ಶಾಲೆಯನ್ನು ಬಿಟ್ಟು ಸಂಸಾರವನ್ನು ವಹಿಸಿಕೊಂಡಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ, ಮಕ್ಕಳನ್ನು ನಮ್ಮಲ್ಲಿಗೆ ಕಳುಹಿಸುವ ತಾಯಿತಂದೆಗಳೂ ಆಗಾಗ ಕೇಳುವ ಪ್ರಶ್ನೆಯೊಂದುಂಟು: "ಪನೀರನ್ನು ದಿನವೂ ತಿಂದರೆ ಗುಣವೋ, ದೋಷವೋ?" ಈ ವಿಷಯವನ್ನು ಇಲ್ಲಿ ಕ್ರಮವಾಗಿ ವಿಚಾರಿಸೋಣ.

ಮೊದಲು ಪನೀರೆಂದರೇನು? ಈದ ಹಸುವಿನ ಮೊದಲ ಹಾಲಿನಿಂದ ಮಾಡುವ ಗಿಣ್ಣು ನಮ್ಮ ಹಳ್ಳಿಗಳಲ್ಲಿ ಎಲ್ಲರಿಗೂ ಪರಿಚಿತವಾದುದು, ಪನೀರು ಅದಲ್ಲ. ಕಾದ ಹಾಲಿಗೆ ನಿಂಬೆಯ ರಸವನ್ನು ಹಿಂಡಿದರೆ ಹಾಲು ಒಡೆದು, ಅದರೊಳಗಿನ ಕೇಸೀನ್ ಎಂಬ ಸಸಾರಜನಕವು ಕೊಬ್ಬನ್ನೂ ಹಿಡಿದುಕೊಂಡು ಗಟ್ಟಿಯಾಗುವುದು. ಅದನ್ನು ಬಟ್ಟೆಯಲ್ಲಿ ಸೋಸಿ, ಮೇಲೆ ಭಾರವಿಟ್ಟರೆ ಪನೀರಾಯಿತು. ಬಂಗಾಳದವರು ಇದನ್ನು ಹೀಗೆ ಒತ್ತದೆ, ಛೇನಾ ಎಂದು ಕರೆದು, ರಸಗುಲ್ಲ ಮೊದಲಾದ ಭಕ್ಷ್ಯಗಳನ್ನು ಮಾಡುವರು. ಪಾಶ್ಚಾತ್ಯರ ಕಾಟೇಜ್ ಚೀಸ್ ಇದಕ್ಕೆ ಸಮೀಪದ ಪದಾರ್ಥ. ಅದನ್ನು ಸಾಮಾನ್ಯವಾಗಿ ಕೆನೆ ತೆಗೆದ ಹಾಲನ್ನು ಹುಳಿಯಿಸಿ, ಉಪ್ಪು ಬೆರೆಸಿ ಸಿದ್ಧಪಡಿಸುವರು.

ಇದರ ಮುಖ್ಯ ಗುಣವು ಸಸಾರಜನಕ. 100 ಗ್ರಾಂ ಪನೀರಿನಲ್ಲಿ ಅದು ಸುಮಾರು 18 ಗ್ರಾಂ ಇರುವುದು. ಅಕ್ಕಿ, ಗೋಧಿಗಳ ಸಸಾರಜನಕದಲ್ಲಿ ಲೈಸೀನ್ ಎಂಬ ಅಂಶವು ಕಡಿಮೆ. ಹಾಲಿನದರಲ್ಲಿ ಅದು ಧಾರಾಳವಾಗಿದೆ. ಆದುದರಿಂದ ಅನ್ನ ಚಪಾತಿಗಳ ಜೊತೆಗೆ ಪನೀರು ಸೇರಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುವುದು. ಇದಲ್ಲದೆ ಧಾನ್ಯ ತರಕಾರಿಗಳಲ್ಲಿ ದೊರೆಯದ ಬಿ12 ಜೀವಸತ್ವವು ಹಾಲಿನ ಪದಾರ್ಥಗಳಲ್ಲಿರುವುದರಿಂದ, ಮಾಂಸ ಮೊಟ್ಟೆಗಳನ್ನು ತಿನ್ನದ ಮನೆಗಳಿಗೆ ಇದು ಬಹು ಉಪಕಾರಿ.

ಎಲುಬು ಹಲ್ಲುಗಳಿಗೆ ಬೇಕಾದ ಸುಣ್ಣಾಂಶದ ವಿಷಯದಲ್ಲಿ ಸ್ವಲ್ಪ ಎಚ್ಚರವಿರಲಿ. ಹಾಲಿನ ಸುಣ್ಣಾಂಶವೆಲ್ಲವೂ ಪನೀರಿನಲ್ಲಿ ಉಳಿಯುವುದಿಲ್ಲ. ಹುಳಿಯು ಅದರಲ್ಲೊಂದು ಭಾಗವನ್ನು ಕರಗಿಸಿ ನೀರಿಗೆ ಸೇರಿಸುವುದು. ಕಾಟೇಜ್ ಚೀಸಿನಲ್ಲಿ ಈ ನಷ್ಟವು ಇನ್ನೂ ಹೆಚ್ಚು: ಅದರ 100 ಗ್ರಾಮಿನಲ್ಲಿ ಸುಮಾರು 80 ಮಿಲಿಗ್ರಾಂ ಮಾತ್ರ, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120 ಮಿಲಿಗ್ರಾಂ. 13ರಿಂದ 15 ವಯಸ್ಸಿನ ಹುಡುಗಿಗೆ ದಿನಕ್ಕೆ 1000 ಮಿಲಿಗ್ರಾಂ ಬೇಕೆಂದು 2020ರಲ್ಲಿ ನಮ್ಮ ದೇಶದ ಆಹಾರತಜ್ಞರು ವಿಧಿಸಿರುವರು. ಎಲುಬು ಬಲಿಯುವ ಕಾಲವು ಇದೇ. ಈಗ ಕೂಡಿಡದ ಬಲವನ್ನು ಮುಪ್ಪಿನಲ್ಲಿ ಪಡೆಯಲಾಗದು. ಆದುದರಿಂದ ಪನೀರನ್ನು ಕೊಟ್ಟೆವೆಂದು ಹಾಲು ಮೊಸರುಗಳನ್ನು ನಿಲ್ಲಿಸಬಾರದು. 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣಾಂಶವುಳ್ಳ ನಮ್ಮ ರಾಗಿಯನ್ನಂತೂ ಮರೆಯಲೇಬಾರದು. ಸೋಸಿದ ನೀರನ್ನು ಚೆಲ್ಲದೆ ಹಿಟ್ಟು ಕಲಸುವುದಕ್ಕೂ ಸಾರಿಗೂ ಉಪಯೋಗಿಸತಕ್ಕದ್ದು.

ಇನ್ನು ಕೊರತೆಗಳು. ಪನೀರಿನಲ್ಲಿ ನಾರಿಲ್ಲ, ಕಬ್ಬಿಣಾಂಶವು ಅತ್ಯಲ್ಪ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 15ರಿಂದ 19 ವಯಸ್ಸಿನ ಹುಡುಗಿಯರಲ್ಲಿ 100ಕ್ಕೆ 59 ಮಂದಿ ರಕ್ತಹೀನತೆಯುಳ್ಳವರೆಂದು ಕಂಡುಬಂದಿತು. ಸುಣ್ಣಾಂಶವು ಕಬ್ಬಿಣವನ್ನು ದೇಹವು ಹೀರಿಕೊಳ್ಳುವುದಕ್ಕೆ ಒಂದಿಷ್ಟು ಅಡ್ಡಿಯಾಗುವುದರಿಂದ, ವೈದ್ಯರು ಕೊಟ್ಟ ಕಬ್ಬಿಣದ ಮಾತ್ರೆಯನ್ನು ಹಾಲು ಪನೀರುಗಳೊಡನೆ ನುಂಗಬಾರದು. ಸೊಪ್ಪು, ಕಾಳುಗಳ ಊಟದೊಡನೆ ನಿಂಬೆ, ನೆಲ್ಲಿ, ಸೀಬೆಗಳನ್ನು ಕೊಡುವುದು ಲೇಸು. ಕೆನೆಹಾಲಿನ ಪನೀರಿನಲ್ಲಿ ಕೊಬ್ಬು ಬಹಳ. ಅದನ್ನು ಎಣ್ಣೆಯಲ್ಲಿ ಕರಿದು, ಬೆಣ್ಣೆಯ ಗೊಜ್ಜಿನಲ್ಲಿ ಮುಳುಗಿಸಿದರೆ ಗುಣವು ದೋಷವಾಗುವುದು. ಹೃದ್ರೋಗ, ಮೂತ್ರಪಿಂಡದ ರೋಗಗಳುಳ್ಳವರು ವೈದ್ಯರನ್ನು ಕೇಳಿಯೇ ತಿನ್ನತಕ್ಕದ್ದು. ಹಾಲಿನ ಸಕ್ಕರೆಯ ಬಹುಭಾಗವು ನೀರಿನೊಡನೆ ಹೋಗುವುದರಿಂದ, ಹಾಲು ಕುಡಿದರೆ ಹೊಟ್ಟೆಯುಬ್ಬರವಾಗುವ ಅನೇಕರಿಗೆ ಪನೀರು ಒಗ್ಗುವುದು. ಆದರೆ ಹಾಲಿನ ಸಸಾರಜನಕವೇ ಒಗ್ಗದವರಿಗೆ ಇದೂ ವರ್ಜ್ಯ.

ಶುಚಿತ್ವವು ಎಲ್ಲಕ್ಕಿಂತ ಮುಖ್ಯ. ಕಾಯಿಸದ ಹಾಲಿನಿಂದ ಕ್ಷಯ ಮೊದಲಾದ ರೋಗಗಳು ಹರಡಬಹುದು. ಗರ್ಭಿಣಿಯರಿಗಂತೂ ಹಸಿಹಾಲಿನ ಪನೀರು ಅಪಾಯಕರ. ಹಾಲನ್ನು ಚೆನ್ನಾಗಿ ಕುದಿಸಿ, ಶುದ್ಧವಾದ ಬಟ್ಟೆಯಲ್ಲಿ ಸೋಸಿ, ತಂಪಿನಲ್ಲಿಟ್ಟು, ಒಂದೆರಡು ದಿನಗಳೊಳಗೆ ಮುಗಿಸುವುದು ಉತ್ತಮ. ಹುಳಿವಾಸನೆ ಬಂದುದನ್ನು, ಲೋಳೆಯಾದುದನ್ನು ಹಣದ ಮುಖ ನೋಡದೆ ಎಸೆಯತಕ್ಕದ್ದು.

ಒಂದು ಲೀಟರು ಹಾಲಿನಿಂದ ದೊರೆಯುವ ಪನೀರು ಸುಮಾರು 150ರಿಂದ 200 ಗ್ರಾಂ ಮಾತ್ರ. ಇಷ್ಟು ಸ್ವಲ್ಪವಾದುದನ್ನು ಮನೆಯಲ್ಲಿ ಹಂಚುವಾಗಲೇ ನಮ್ಮ ನಿಜವಾದ ಪರೀಕ್ಷೆ. ಗಂಡಸರಿಗೂ ಗಂಡುಮಕ್ಕಳಿಗೂ ಮೊದಲು ಬಡಿಸಿ, ಪಾತ್ರೆಯ ತಳದಲ್ಲುಳಿದ ಗೊಜ್ಜನ್ನು ಮಗಳೂ ತಾಯಿಯೂ ಹಂಚಿಕೊಳ್ಳುವ ಪದ್ಧತಿಯು ಎಷ್ಟೋ ಮನೆಗಳಲ್ಲಿ ಇನ್ನೂ ಹೋಗಿಲ್ಲ. ಬೆಳೆಯುವ ಹುಡುಗಿಯ ಎಲುಬಿಗೂ ರಕ್ತಕ್ಕೂ ಈ ಪದ್ಧತಿಯಿಂದಾಗುವ ನಷ್ಟವನ್ನು ಯಾವ ಪಾಠವೂ ತುಂಬಿಕೊಡಲಾರದು. ಪನೀರು ಸಿಗದಿದ್ದರೆ ಚಿಂತೆಯಿಲ್ಲ. ಬೇಳೆ, ಕಡಲೆ, ಮೊಸರು, ರಾಗಿ, ಒಗ್ಗುವವರಿಗೆ ಮೊಟ್ಟೆ ಮೀನುಗಳುಂಟು. ಏನೇ ಇರಲಿ, ಮಿತವಾಗಿರಲಿ, ಶುಚಿಯಾಗಿರಲಿ. ಮಗಳ ತಟ್ಟೆಗೆ ಸಮಪಾಲು ಬೀಳಲಿ ಎಂಬುದೇ ನಮ್ಮ ಬಿನ್ನಹ.