ಟೆಂಟಿಗೆ ಜಾಗ ಆರಿಸುವಾಗ: ಪವನಾ ದಡದಿಂದ ಭಂಡಾರ್‌ದರಾವರೆಗೆ ಕಲಿತದ್ದು

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯ ನಮ್ಮ ಕನ್ನಡ ಮನೆಗಳಲ್ಲಿ ವಿಹಾರಕೂಟವೆಂದರೆ ಬೆಳಗ್ಗೆ ಬಸ್ಸು ಹತ್ತಿ ಸಂಜೆ ಮರಳುವುದು ಎಂದೇ ಇತ್ತು. ಈಗ ಮಕ್ಕಳಿಗೆ ಒಂದು ರಾತ್ರಿ ಟೆಂಟಿನಲ್ಲಿ ಮಲಗಬೇಕು. ಅದಕ್ಕೆ ಬೇಕಾದ ಜಾಗಗಳೆಲ್ಲ ಮನೆಯಿಂದ ಎರಡರಿಂದ ನಾಲ್ಕು ತಾಸಿನೊಳಗೇ ಇವೆ: ಲೋಣಾವಳದಾಚೆಯ ಪವನಾ ಜಲಾಶಯ, ಘೋಟಿಯಿಂದ ತಿರುಗುವ ಭಂಡಾರ್‌ದರಾ, ಪನ್ವೇಲ್ ಬಳಿಯ ಪ್ರಬಲಮಾಚಿ, ಕರ್ಜತ್ ಕಡೆಯಿಂದ ಹತ್ತುವ ರಾಜಮಾಚಿ, ಅಲಿಬಾಗ್ ತೀರದ ನಾಗಾಂವ್. ಶನಿವಾರ ಬಂತೆಂದರೆ ಎಲ್ಲೆಡೆ ಟೆಂಟಿಗೆ ಟೆಂಟು ತಾಗುತ್ತದೆ. ಸ್ನೇಹಿತರ ಕುಟುಂಬಗಳನ್ನು, ಬಡಾವಣೆಯ ಹುಡುಗ ಹುಡುಗಿಯರನ್ನು ಕರೆದೊಯ್ಯುವ ಹೊಣೆ ಬಹುಕಾಲದಿಂದ ನನ್ನ ಮೇಲಿದೆ. ಜಾಗ ಆರಿಸುವಾಗ ಹೆಚ್ಚಿನವರು ಸಂಜೆ ಆರರ ಫೋಟೊವನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತಾರೆ. ನಾನು ರಾತ್ರಿ ಎರಡು ಗಂಟೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳುತ್ತೇನೆ. ಕೆಳಗಿನ ಮಾತುಗಳೆಲ್ಲ ಅಲ್ಲಿಂದ ಹುಟ್ಟಿದವು.

1. ಹಣ ಕಳಿಸುವ ಮೊದಲು ಕ್ಯಾಂಪ್ ನಡೆಸುವವರು ಯಾರೆಂದು ಕೇಳಿ

ಫೋನ್ ಎತ್ತುವವರು ಎಷ್ಟೋ ಸಲ ಕ್ಯಾಂಪ್ ನಡೆಸುವವರಲ್ಲ, ನಡುವಿನ ಏಜೆಂಟರು. ಒಂದೇ ಫೋಟೊ ನಾಲ್ಕು ಹೆಸರಿನ ಕ್ಯಾಂಪ್‌ಗಳಲ್ಲಿ ಕಾಣಿಸುತ್ತದೆ. "ಅಲ್ಲಿ ರಾತ್ರಿ ಯಾರಿರುತ್ತಾರೆ? ಅವರ ನಂಬರ್ ಕೊಡಿ" ಎಂದು ಕೇಳಿದಾಗ ನೇರ ಉತ್ತರ ಬಂದರೆ ಮಾತ್ರ ಮುಂದುವರಿಯುತ್ತೇನೆ. ಆಮೇಲೆ ಕೇಳುವುದು ಮೂರೇ: ಈ ಶನಿವಾರ ಒಟ್ಟು ಎಷ್ಟು ಟೆಂಟ್, ಎಷ್ಟು ಶೌಚಾಲಯ, ಗಾಡಿ ನಿಲ್ಲುವ ಜಾಗ ಟೆಂಟಿನಿಂದ ಎಷ್ಟು ದೂರ. ಕೆರೆಯ ಫೋಟೊ ಬೇಡ, ಶೌಚಾಲಯದ ಇವತ್ತಿನ ಫೋಟೊ ಕಳಿಸಿ ಎನ್ನಿ. ನಿಜವಾಗಿ ಕ್ಯಾಂಪ್ ನಡೆಸುವವರು ಅದನ್ನು ಹತ್ತು ನಿಮಿಷದಲ್ಲಿ ಕಳಿಸುತ್ತಾರೆ.

2. ಬಿಸಿಲಿರುವಾಗಲೇ ತಲುಪಿ

ಡಿಸೆಂಬರಿನಲ್ಲಿ ನಮ್ಮ ಕಡೆ ಆರು ದಾಟುತ್ತಿದ್ದಂತೆ ಸೂರ್ಯ ಮುಳುಗುತ್ತಾನೆ. ಶನಿವಾರ ಬೆಳಗ್ಗೆ ಎಕ್ಸ್‌ಪ್ರೆಸ್‌ವೇಯ ಖಂಡಾಳ ಘಾಟಿಯಲ್ಲಿ ಗಾಡಿಗಳು ನಿಂತುಬಿಡುತ್ತವೆ. ಊಟ ಮುಗಿಸಿ ನಿಧಾನ ಹೊರಟವರು ಕತ್ತಲಲ್ಲಿ ತಲುಪುತ್ತಾರೆ. ಆಗ ಉಳಿದಿರುವುದು ಯಾರೂ ಒಪ್ಪದ ಟೆಂಟು. ಮಧ್ಯಾಹ್ನ ಮೂರಕ್ಕೆ ಅಲ್ಲಿರುವಂತೆ ಹೊರಡಿ. ಕಲ್ಯಾಣಿನಿಂದ ಪುಣೆ ಕಡೆಯ ರೈಲು ಹಿಡಿದು, ಲೋಣಾವಳದಲ್ಲಿ ಲೋಕಲ್ ಬದಲಿಸಿ ಕಾಮ್‌ಶೇಟ್‌ನಲ್ಲಿ ಇಳಿದರೆ ಘಾಟಿಯ ಕಾಟವೇ ಇಲ್ಲ. ಅಲ್ಲಿಂದ ಪವನಾನಗರಕ್ಕೆ ರಸ್ತೆಯಿದೆ. ತಲುಪಿದ ಮೇಲೆ ಬ್ಯಾಗ್ ಒಂದೆಡೆ ಇಟ್ಟು ಇಡೀ ಕ್ಯಾಂಪನ್ನು ಒಂದು ಸುತ್ತು ನಡೆಯಿರಿ. ನಡೆಯದೆ ಟೆಂಟ್ ಒಪ್ಪಿಕೊಳ್ಳಬೇಡಿ.

3. ನೀರಿನಂಚಿನ ಮೊದಲ ಸಾಲು ಬೇಡ

ಪವನಾದಲ್ಲಿ ಎಲ್ಲರಿಗೂ ಬೇಕಾದದ್ದು ಅದೇ. 'ವಾಟರ್ ಟಚ್' ಎಂದು ಹೆಚ್ಚು ಹಣವನ್ನೂ ತೆಗೆದುಕೊಳ್ಳುತ್ತಾರೆ. ಎದುರಿಗೆ ತುಂಗ್, ತಿಕೋನಾ ಕೋಟೆಗಳು, ಕೆಳಗೆ ನೀರು. ನೋಟದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಆ ನೋಟ ನೋಡಲು ಇಡೀ ಕ್ಯಾಂಪಿನ ಜನ ನಿಮ್ಮ ಟೆಂಟಿನ ಮುಂದೆಯೇ ಬಂದು ನಿಲ್ಲುತ್ತಾರೆ, ನಡುರಾತ್ರಿಯವರೆಗೂ. ನೀರಿನ ಪಕ್ಕದ ತಗ್ಗಿಗೆ ರಾತ್ರಿ ಬೆಟ್ಟದ ತಣ್ಣನೆ ಗಾಳಿ ಇಳಿದು ಬರುತ್ತದೆ. ಜನವರಿಯಲ್ಲಿ ಮೊದಲ ಸಾಲಿನ ಟೆಂಟುಗಳ ಒಳಗೋಡೆ ಬೆಳಗ್ಗೆ ತೊಟ್ಟಿಕ್ಕುತ್ತಿರುತ್ತದೆ. ಮೂವತ್ತು ನಲವತ್ತು ಹೆಜ್ಜೆ ಮೇಲೆ ಹೋದರೆ ಹೊದಿಕೆ ಒಣಗಿರುತ್ತದೆ, ಚಳಿಯೂ ಒಂದಿಷ್ಟು ಕಡಿಮೆ. ನಾನು ಕೇಳುವುದು ಮೂರನೆಯ ಸಾಲು.

ಇನ್ನೊಂದು ಕಾರಣ ನೆಲದ್ದು. ಪವನಾ ಕೆರೆಯಲ್ಲ, ಅಣೆಕಟ್ಟಿನ ಹಿನ್ನೀರು. ಪಿಂಪ್ರಿ-ಚಿಂಚವಡದ ಜನ ಕುಡಿಯುವ ನೀರು. ಮಳೆಗಾಲ ಮುಗಿಯುವಾಗ ತುಂಬಿರುತ್ತದೆ, ಆಮೇಲೆ ಮೇ ತಿಂಗಳವರೆಗೆ ಇಳಿಯುತ್ತ ಹೋಗುತ್ತದೆ. ನೀರು ಹಿಂದೆ ಸರಿದಂತೆ ಟೆಂಟುಗಳೂ ಕೆಳಗೆ ಇಳಿಯುತ್ತವೆ, ನಿನ್ನೆ ಮೊನ್ನೆಯವರೆಗೆ ನೀರಿನಡಿ ಇದ್ದ ಮಣ್ಣಿನ ಮೇಲೆ. ಮೇಲ್ಪದರ ಬಿರುಕುಬಿಟ್ಟು ಒಣಗಿದಂತೆ ಕಾಣುತ್ತದೆ. ಹಿಮ್ಮಡಿ ಊರಿ ಒತ್ತಿ ನೋಡಿ, ಒಳಗಿನ ಹಸಿ ತಿಳಿಯುತ್ತದೆ. ಅಂಥ ಮಣ್ಣಿನಲ್ಲಿ ಗೂಟ ನಿಲ್ಲುವುದಿಲ್ಲ, ಮ್ಯಾಟಿನಡಿಯಿಂದ ಶೀತ ಏರುತ್ತದೆ. ಮಕ್ಕಳಿದ್ದರಂತೂ ನೀರಿನಂಚು ಬೇಡವೇ ಬೇಡ. ಹಿನ್ನೀರಿನ ತಳ ಒಂದೇ ಸಮ ಇಳಿಯುವುದಿಲ್ಲ, ಎರಡು ಹೆಜ್ಜೆಗೆ ಮೊಣಕಾಲಿದ್ದದ್ದು ಮೂರನೆಯದಕ್ಕೆ ಆಳವಾಗಬಹುದು. ಈಜಬಲ್ಲವರೂ ಇಲ್ಲಿ ಮುಳುಗಿ ಸತ್ತಿದ್ದಾರೆ.

ನಾಗಾಂವ್, ರೇವದಂಡಾ ತೀರದಲ್ಲಿ ಇದೇ ಪಾಠ ಬೇರೆ ರೀತಿಯದು. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಇಲ್ಲಿ ಉಬ್ಬರ 4 ಮೀಟರ್ ದಾಟುತ್ತದೆ. ಒಣಗಿದ ಕಸಕಡ್ಡಿ, ತೆಂಗಿನ ಗರಿ, ಪ್ಲಾಸ್ಟಿಕ್ ಸಾಲಾಗಿ ಬಿದ್ದ ಗೆರೆ ಹಿಂದಿನ ಉಬ್ಬರದ ಗುರುತು. ಅದರಿಂದ ಸಾಕಷ್ಟು ಮೇಲೆ, ಗಾಳಿಮರಗಳ ಹಿಂದೆ ಟೆಂಟು ಇರಬೇಕು. ಮಲ್ಪೆ, ಗಂಗೊಳ್ಳಿ ಕಡೆಯ ಹಿರಿಯರು ತಂಡದಲ್ಲಿದ್ದರೆ ಜಾಗ ಆರಿಸುವ ಕೆಲಸ ಅವರಿಗೇ ಬಿಟ್ಟುಬಿಡಿ.

4. ಟೆಂಟಿನೊಳಗೆ ಮಲಗಿ ನೋಡಿ

ಕಣ್ಣಿಗೆ ಕಾಣದ ಇಳಿಜಾರು ಬೆನ್ನಿಗೆ ಗೊತ್ತಾಗುತ್ತದೆ. ಎರಡು ನಿಮಿಷ ಸಾಕು. ಚೂರು ಇಳಿಜಾರಿದ್ದರೆ ತಲೆ ಮೇಲ್ಬದಿಗೆ ಬರಲಿ. ಪಕ್ಕಕ್ಕೆ ಜಾರುವಂತಿದ್ದರೆ ಬೇರೆ ಟೆಂಟು ಕೇಳಿ.

5. ಜಾಗದ ಜೊತೆ ನೆರೆಯವರನ್ನೂ ಆರಿಸುತ್ತಿದ್ದೀರಿ

ಗಿಜಿಗುಡುವ ಕ್ಯಾಂಪಿನಲ್ಲಿ ನಿದ್ದೆ ಕೆಡಿಸುವುದು ಚಳಿಯಲ್ಲ, ಸದ್ದು. ಸಾಲಿನ ನಡುವಿನ ಟೆಂಟಿಗೆ ಎರಡೂ ಬದಿಯಲ್ಲಿ ನೆರೆಯವರು. ತುದಿಯದಕ್ಕೆ ಒಂದೇ ಬದಿ. ತುದಿಯದನ್ನೇ ಕೇಳಿ. ತಂಡ ದೊಡ್ಡದಿದ್ದರೆ ಟೆಂಟುಗಳನ್ನು ಸಾಲಾಗಿ ಬೇಡ, ಬಾಗಿಲು ಒಳಮುಖವಾಗಿ ಅರ್ಧಚಂದ್ರದಂತೆ ಹಾಕಿಸಿ, ಹಿರಿಯರದೂ ಮಕ್ಕಳದೂ ನಡುವೆ ಬರಲಿ. ಸ್ಪೀಕರ್ ಎಲ್ಲಿಡುತ್ತಾರೆ, ಅದರ ಮುಖ ಯಾವ ಕಡೆ ಎನ್ನುವುದನ್ನು ಮೊದಲೇ ಕೇಳಬೇಕು. "ದಾದಾ, ನಮ್ಮ ಜೊತೆ ವಯಸ್ಸಾದವರಿದ್ದಾರೆ, ಸ್ಪೀಕರಿನ ಬೆನ್ನ ಹಿಂದಿನ ಟೆಂಟ್ ಕೊಡಿ" ಎಂದರೆ ಯಾರೂ ಇಲ್ಲ ಎನ್ನುವುದಿಲ್ಲ.

ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. 2000ದ ಶಬ್ದಮಾಲಿನ್ಯ ನಿಯಮ ಇಡೀ ದೇಶಕ್ಕೆ ಅನ್ವಯಿಸುತ್ತದೆ. ಬುಕಿಂಗ್ ಮಾಡುವಾಗಲೇ ಇದನ್ನು ನೆನಪಿಸುತ್ತೇನೆ. ಮಾತು ಕೇಳದಿದ್ದರೆ 112ಕ್ಕೆ ಕರೆ ಮಾಡುವ ಹಕ್ಕು ನಮಗಿದೆ. ಆದರೆ ಕರೆಗಿಂತ ಹೆಚ್ಚು ಕೆಲಸ ಮಾಡಿದ್ದು ಮನೆಯಿಂದ ಒಯ್ದ ಚಕ್ಕುಲಿ, ನಿಪ್ಪಟ್ಟಿನ ಡಬ್ಬಿ. ಸಂಜೆಯೇ ಪಕ್ಕದ ಟೆಂಟಿನ ಹುಡುಗರಿಗೆ ಕೊಟ್ಟು ಮಾತಾಡಿಸಿ, ನಮ್ಮ ಅಜ್ಜಿಯನ್ನು ಪರಿಚಯಿಸಿ ಬರುತ್ತೇನೆ. ಹನ್ನೊಂದು ಗಂಟೆಗೆ ಹೋಗಿ "ಸ್ವಲ್ಪ ಮೆಲ್ಲಗೆ" ಎಂದರೆ ಅದೇ ಹುಡುಗರು ಪಾಪ, ಪಿಸುಮಾತಿಗೆ ಇಳಿಯುತ್ತಾರೆ. ಅವರೂ ವಾರವಿಡೀ ಲೋಕಲಿನಲ್ಲಿ ನಿಂತು ದಣಿದು ಬಂದವರೇ.

6. ಶೌಚಾಲಯ: ಕಣ್ಣಿಗೆ ಹತ್ತಿರ, ಮೂಗಿಗೆ ದೂರ

ನಮ್ಮ ಹೆಂಗಸರು ಎಷ್ಟೋ ಮಂದಿ ರಾತ್ರಿ ಏಳಬೇಕಾದೀತೆಂದು ಸಂಜೆಯಿಂದಲೇ ನೀರು ಕುಡಿಯುವುದು ಬಿಡುತ್ತಾರೆ. ಇದು ನನಗೆ ತೀರ ನೋವಿನ ಸಂಗತಿ. ಟೆಂಟಿನ ಬಾಗಿಲಿನಿಂದ ಶೌಚಾಲಯದ ದೀಪ ಕಾಣಬೇಕು, ದಾರಿ ಸಮತಟ್ಟಾಗಿರಬೇಕು, ನಡುವೆ ಪಾನಗೋಷ್ಠಿಯ ಗುಂಪು ಇರಬಾರದು. ಒಳಗಿನ ಚಿಲಕ ಬೀಳುತ್ತದೆಯೇ, ನಲ್ಲಿಯಲ್ಲಿ ನೀರಿದೆಯೇ ಎಂದು ನೀವೇ ಹೋಗಿ ನೋಡಿ. ಆದರೆ ಅದಕ್ಕೆ ಹೋಗುವ ಕಾಲುದಾರಿಗೆ ತಾಗಿದ ಟೆಂಟು ಬೇಡ: ರಾತ್ರಿಯಿಡೀ ಯಾರಾದರೂ ನಿಮ್ಮ ಹಗ್ಗ ಎಡವುತ್ತಲೇ ಇರುತ್ತಾರೆ. ಜನರೇಟರ್ ಎಲ್ಲಿದೆ ಎಂಬುದನ್ನೂ ಆಗಲೇ ನೋಡಿಕೊಳ್ಳಿ.

7. ತಲೆಯೆತ್ತಿ ನೋಡಿ

ಒಣಕೊಂಬೆ, ಜೋತುಬಿದ್ದ ಕರೆಂಟ್ ವೈರು, ಹೆಜ್ಜೇನಿನ ಹುಟ್ಟಿ. ಮೂರರಲ್ಲಿ ಯಾವುದು ಕಂಡರೂ ಅದರಡಿ ಟೆಂಟು ಬೇಡ. ಕೋಟೆಯ ಬಂಡೆಗಳಲ್ಲಿ, ದೊಡ್ಡ ಮರಗಳಲ್ಲಿ ಹೆಜ್ಜೇನು ಸಾಮಾನ್ಯ. ಕ್ಯಾಂಪ್‌ಫೈರಿನ ಹೊಗೆ ಸೋಕಿದರೆ ಏಳುತ್ತದೆ.

8. ಹುಲ್ಲಿನ ಬಣವೆ, ಕಲ್ಲುಗೋಡೆಯಿಂದ ದೂರ

ಕೊಯ್ಲು ಮುಗಿದ ಗದ್ದೆಯಲ್ಲಿ ಟೆಂಟು ಹಾಕುವುದು ಇಲ್ಲಿ ರೂಢಿ. ನೆಲ ಸಮತಟ್ಟಾಗಿರುತ್ತದೆ, ಚೆನ್ನಾಗಿಯೇ ಇರುತ್ತದೆ. ಆದರೆ ಬಣವೆ, ಬದುವಿನ ಕಲ್ಲುಗೋಡೆ ಇದ್ದಲ್ಲಿ ಇಲಿಯಿರುತ್ತದೆ, ಇಲಿಯ ಹಿಂದೆ ಹಾವು. ಕಟ್ಟಹಾವು, ಮರಾಠಿಯವರ ಮಣ್ಯಾರ್, ರಾತ್ರಿ ಓಡಾಡುವಂಥದು. ನೆಲದಲ್ಲಿ ಮಲಗಿದವರನ್ನು ಕಚ್ಚಿದರೆ ನೋವು, ಊತ ಅಷ್ಟಾಗಿ ಇರದು, ನಿದ್ದೆಯಲ್ಲಿ ತಿಳಿಯದೆಯೂ ಹೋಗಬಹುದು. ಬೆಳಗಿನ ಜಾವ ಯಾರಿಗಾದರೂ ಕಾರಣವಿಲ್ಲದೆ ಹೊಟ್ಟೆನೋವು, ಕಣ್ಣರೆಪ್ಪೆ ಎತ್ತಲಾಗದಷ್ಟು ಭಾರ ಎಂದಾದರೆ ಕಾಯಬೇಡಿ, 108ಕ್ಕೆ ಕರೆ ಮಾಡಿ, ಸರಕಾರಿ ಆಸ್ಪತ್ರೆಗೆ ಹೊರಡಿ. ಟೆಂಟಿನ ಜಿಪ್ ತುದಿಯವರೆಗೆ ಎಳೆಯುವುದು, ಚಪ್ಪಲಿ ಒಳಗಿಡುವುದು, ತಿಂಡಿಯ ಚೂರು ಬಿಡದಿರುವುದು ಮಕ್ಕಳಿಗೂ ರೂಢಿಯಾಗಲಿ. ಜಿಪ್ ಕೆಟ್ಟ ಟೆಂಟನ್ನು ಯಾವ ಕಾರಣಕ್ಕೂ ಒಪ್ಪಬೇಡಿ.

9. ಬೆಂಕಿ ಹೊರಗೇ ಇರಲಿ

ಕ್ಯಾಂಪ್‌ಫೈರಿನಿಂದ ಗಾಳಿ ಬೀಸುವ ದಿಕ್ಕಿನ ಟೆಂಟು ಕಿಡಿಗೂ ಹೊಗೆಗೂ ಸಿಗುತ್ತದೆ, ಅಷ್ಟನ್ನು ಎಲ್ಲರೂ ಬಲ್ಲರು. ನನ್ನ ಆತಂಕ ಬಾರ್ಬೆಕ್ಯೂ ಶೇಗಡಿಯದು. ಚಳಿ ಹೆಚ್ಚಾಯಿತೆಂದು ಉರಿ ಆರಿದ ಕೆಂಡವನ್ನು ಟೆಂಟಿನೊಳಗೆ ಒಯ್ಯುವವರಿದ್ದಾರೆ. ಕೆಂಡದಿಂದ ಏಳುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ, ಎಚ್ಚರಿಸುವುದಿಲ್ಲ. 2020ರ ಜನವರಿಯಲ್ಲಿ ನೇಪಾಳದ ದಾಮನ್‌ನಲ್ಲಿ ಕೇರಳದ ಎಂಟು ಪ್ರವಾಸಿಗರು, ಮಕ್ಕಳೂ ಸೇರಿ, ಗ್ಯಾಸ್ ಹೀಟರ್ ಹಚ್ಚಿ ಮುಚ್ಚಿಕೊಂಡ ಕೋಣೆಯಲ್ಲಿ ಮಲಗಿದವರು ಏಳಲಿಲ್ಲ. ಚಳಿಗೆ ಇನ್ನೊಂದು ಕಂಬಳಿ ಕೇಳಿ ಪಡೆಯಿರಿ, ಟೆಂಟಿನ ಗಾಳಿಕಿಂಡಿ ತೆರೆದೇ ಇಡಿ.

10. ಮಳೆಗಾಲದಲ್ಲಿ ಬೆಟ್ಟದ ಬುಡದಲ್ಲಿ ಟೆಂಟು ಹಾಕಬೇಡಿ

ಈ ಒಂದು ವಿಷಯದಲ್ಲಿ ನಾನು ಯಾರ ಒತ್ತಾಯಕ್ಕೂ ಮಣಿಯುವುದಿಲ್ಲ. 2023ರ ಜುಲೈ 19ರ ರಾತ್ರಿ ಖಾಲಾಪುರ ತಾಲೂಕಿನ ಇರ್ಶಾಲವಾಡಿಯ ಮೇಲೆ ಗುಡ್ಡ ಕುಸಿಯಿತು. ಇರ್ಶಾಲಗಡ ಹತ್ತುವವರೆಲ್ಲ ನಿಂತು ನೀರು ಕುಡಿದು ಹೋಗುತ್ತಿದ್ದ ಠಾಕರ್ ಆದಿವಾಸಿಗಳ ವಾಡಿ ಅದು. ಗಾಡಿ ಹೋಗುವ ದಾರಿಯೇ ಇರಲಿಲ್ಲ. ರಕ್ಷಣಾ ಪಡೆಯವರು ಕೆಸರಿನಲ್ಲಿ ನಡೆದು ಹತ್ತಿ, ಕೈಯಿಂದಲೇ ಮಣ್ಣು ಅಗೆಯಬೇಕಾಯಿತು. 27 ಶವಗಳು ಸಿಕ್ಕವು. 57 ಮಂದಿ ಸಿಗಲೇ ಇಲ್ಲ. ತಲೆಮಾರುಗಳಿಂದ ಆ ಬೆಟ್ಟವನ್ನು ಬಲ್ಲವರಿಗೇ ಸುಳಿವು ಸಿಗದಿದ್ದಾಗ, ಒಂದು ರಾತ್ರಿಗೆ ಹೋದ ನಮಗೆ ಏನು ತಿಳಿದೀತು?

ಒಣಗಿದಂತೆ ಕಾಣುವ ಹಳ್ಳದ ಪಾತ್ರವೂ ಅಷ್ಟೇ ಅಪಾಯ. 2024ರ ಜೂನ್ 30ರಂದು ಲೋಣಾವಳದ ಭುಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಒಂದೇ ಕುಟುಂಬದ ಐವರು ಕೊಚ್ಚಿಹೋದದ್ದು ಹಾಡುಹಗಲಲ್ಲಿ. ಜೂನ್ ನಡುವಿನಿಂದ ಸೆಪ್ಟೆಂಬರ್ ಮುಗಿಯುವವರೆಗೆ ನಮ್ಮ ತಂಡಕ್ಕೆ ಟೆಂಟಿಲ್ಲ. ಮಳೆ ನೋಡಬೇಕೆಂದರೆ ಗಟ್ಟಿ ಗೋಡೆಯ, ಇಳಿಜಾರಿನಿಂದ ದೂರದ ಕೋಣೆ ಹಿಡಿಯುತ್ತೇವೆ.

11. ಊರವರ ಅಂಗಳ ಸಿಕ್ಕರೆ ಬೇರೆ ಹುಡುಕಬೇಡಿ

ಪನ್ವೇಲಿನಿಂದ ಠಾಕೂರ್‌ವಾಡಿಗೆ ಎಸ್‌ಟಿ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಒಂದೂವರೆ ಎರಡು ತಾಸು ಹತ್ತಿದರೆ ಪ್ರಬಲಮಾಚಿ. ಕಲಾವಂತೀಣ್ ದುರ್ಗಕ್ಕೆ ಹೋಗುವವರ ತಂಗುದಾಣ. ಅಲ್ಲಿಯ ಮನೆಯವರು ತಮ್ಮ ಅಂಗಳದಲ್ಲೇ ಟೆಂಟು ಹಾಕಿಕೊಡುತ್ತಾರೆ, ಭಾಕ್ರಿ, ಪಿಠಲೆ, ಅನ್ನ, ಬೇಳೆಸಾರು ಬಡಿಸುತ್ತಾರೆ. ಮಳೆನೀರು ಯಾವ ಕಡೆ ಹರಿಯುತ್ತದೆ, ಯಾವ ಮರದ ಕೊಂಬೆ ಮುರಿಯಬಹುದು ಎಂದು ಅವರಿಗೆ ಗೊತ್ತು. "ಮಾವಶಿ, ನಿಮ್ಮ ಮಕ್ಕಳಾದರೆ ಎಲ್ಲಿ ಮಲಗಿಸುತ್ತಿದ್ದಿರಿ?" ಎಂದು ಕೇಳಿದರೆ ಬೆರಳು ತೋರಿದ ಜಾಗವೇ ಸರಿಯಾದ ಜಾಗ. ಹಣವೂ ನೇರ ಅವರ ಕೈಗೇ ಹೋಗುತ್ತದೆ. ಬೇಸಿಗೆಯಲ್ಲಿ ಅಲ್ಲಿ ನೀರಿಗೆ ಕಷ್ಟ. ಕೈಕಾಲು ತೊಳೆಯುವಾಗ ನೆನಪಿರಲಿ.

12. ಮಿಂಚುಹುಳದ ಮರದಡಿ ಟೆಂಟು ಹಾಕಬೇಡಿ

ಮೇ ಕೊನೆಯಿಂದ ಜೂನ್ ನಡುವಿನವರೆಗೆ ಭಂಡಾರ್‌ದರಾದಲ್ಲಿ ಮಿಂಚುಹುಳ, ಮರಾಠಿಯವರ ಕಾಜವಾ, ನೋಡಲು ಜನ ಮುಗಿಬೀಳುತ್ತಾರೆ. ಅಳಲೆ, ತಾರೆ, ನೇರಳೆ ಮರಗಳಿಗೆ ಮರಗಳೇ ಮಿನುಗುವುದನ್ನು ನೋಡಿದ ಮಕ್ಕಳು ಅದನ್ನು ಮರೆಯುವುದಿಲ್ಲ. ಆ ಮಿನುಗು ಗಂಡುಹೆಣ್ಣು ಹುಳಗಳು ಒಂದನ್ನೊಂದು ಕಂಡುಕೊಳ್ಳುವ ದಾರಿ. ಹೆಡ್‌ಲೈಟ್, ಟಾರ್ಚ್, ಮೊಬೈಲ್ ಬೆಳಕು ಬಿದ್ದರೆ ಆ ದಾರಿ ತಪ್ಪುತ್ತದೆ. ಮರದ ಬುಡದ ಎಲೆಗಳ ನಡುವೆ ಇರುವ ಮೊಟ್ಟೆ, ಮರಿಗಳು ಕಾಲಿಗೆ ಸಿಗುತ್ತವೆ. ಇದು ಕಳಸೂಬಾಯಿ-ಹರಿಶ್ಚಂದ್ರಗಡ ಅಭಯಾರಣ್ಯದ ನೆಲ. ಆದ್ದರಿಂದ ಟೆಂಟು ಹಳ್ಳಿಯ ಹತ್ತಿರ ಇರಲಿ, ಮರಗಳ ಹತ್ತಿರಕ್ಕೆ ಕತ್ತಲಲ್ಲಿ ನಡೆದು ಹೋಗಿ, ಟಾರ್ಚಿಗೆ ಕೆಂಪು ಕಾಗದ ಸುತ್ತಿ. ಶನಿವಾರ, ಭಾನುವಾರ ಬಿಟ್ಟು ಮಂಗಳವಾರವೋ ಬುಧವಾರವೋ ರಜೆ ಹಾಕಿ. ಮುಂಬಯಿಗೆ ಮುಂಗಾರು ತಲುಪುವ ವಾಡಿಕೆಯ ದಿನ ಜೂನ್ 11; ನಾವು ಅದಕ್ಕಿಂತ ಒಂದು ವಾರ ಮೊದಲು, ಮಧ್ಯಾಹ್ನಕ್ಕೆ ಮುಂಚಿನ ಕಸಾರ ಲೋಕಲ್ ಹಿಡಿಯುತ್ತೇವೆ.