ಕಂಬ ಹತ್ತುವ ತಮ್ಮನಿಗೆ

ಪ್ರೀತಿಯ ತಮ್ಮಾ,

ಪವರ್‌ಮ್ಯಾನ್ ಕೆಲಸಕ್ಕೆ ಸೇರಿದ್ದೀಯ, ಸಂತೋಷ. ಆಯ್ಕೆಯ ದಿನ 8 ಮೀಟರ್ ಕಂಬವನ್ನು ಸರಸರನೆ ಹತ್ತಿ ತೋರಿಸಿರುತ್ತೀಯ. ಆ ಪರೀಕ್ಷೆ ನೋಡಿದ್ದು ನಿನ್ನ ಕೈಕಾಲಿನ ಕಸುವನ್ನು. ಇನ್ನು ಮುಂದೆ ಜಡಿಮಳೆಯಲ್ಲೂ ಹತ್ತಬೇಕು, ನಡುರಾತ್ರಿ ಫೋನ್ ಬಂದಾಗಲೂ ಹತ್ತಬೇಕು. ಎಂಥ ಗಟ್ಟಿಗನಿಗೂ ಕೈ ಸೋಲುವ ಗಳಿಗೆ ಬಂದೇ ಬರುತ್ತದೆ. ಆಗ ಮೈ ಹಿಡಿಯುವುದು ತೊಟ್ಟುಕೊಂಡ ಬೆಲ್ಟು ಮಾತ್ರ. ಅದಕ್ಕೇ ಈ ಪತ್ರ.

ಸೊಂಟಕ್ಕೆ ಮಾತ್ರ ಕಟ್ಟುವ ಹಳೆಯ ಬೆಲ್ಟು ಕೊಟ್ಟರೆ ಬೇಡ ಎನ್ನು. ಕಂಬಕ್ಕೆ ಒರಗಿ ಕೆಲಸ ಮಾಡಲು ಅದು ಸಾಕು, ಬಿದ್ದವನನ್ನು ಹಿಡಿಯಲು ಸಾಲದು. 70 ಕಿಲೊ ತೂಕದವನು ಒಂದು ಮೀಟರ್ ಬಿದ್ದು ಹತ್ತು ಸೆಂಟಿಮೀಟರಿನೊಳಗೆ ತಟ್ಟನೆ ನಿಂತರೆ 700 ಕಿಲೊ ಮೀರಿದ ಎಳೆತ ಬೀಳುತ್ತದೆ. ಅದಷ್ಟೂ ಹೊಟ್ಟೆಗೂ ಬೆನ್ನುಮೂಳೆಗೂ ಹೋದರೆ ಬದುಕಿ ಉಳಿದವನೂ ಮತ್ತೆ ಎದ್ದು ನಡೆಯುವುದು ಕಷ್ಟ. ತೊಡೆ, ಎದೆ, ಹೆಗಲು ಮೂರನ್ನೂ ಬಳಸುವ ಪೂರ್ಣ ಮೈಯ ಹಾರ್ನೆಸ್ಸೇ ಬೇಕು. ಬೆನ್ನಿನ ಮೇಲೊಂದು ರಿಂಗು, ಸೊಂಟದ ಎಡಬಲಕ್ಕೆ ಒಂದೊಂದು ರಿಂಗು ಇರಲಿ. ಐಎಸ್ 3521 ಗುರುತೂ ತಯಾರಾದ ತಿಂಗಳು-ವರ್ಷವೂ ಚೀಟಿಯ ಮೇಲೆ ಓದುವಂತಿರಬೇಕು.

ಹಾರ್ನೆಸ್ ಸಿಕ್ಕಿತೆಂದು ನಿಶ್ಚಿಂತನಾಗಬೇಡ. ಅದರ ಜೊತೆ ಬರುವ ಹಗ್ಗ ಸಾಮಾನ್ಯವಾಗಿ 1.8 ಮೀಟರ್ ಇರುತ್ತದೆ. ಜರ್ಕ್ ತಡೆಯಲೆಂದು ಅದರಲ್ಲಿ ಮಡಚಿ ಹೊಲಿದ ಪಟ್ಟಿ ಬಿಚ್ಚಿಕೊಂಡರೆ ಇನ್ನೂ ಒಂದು ಮೀಟರಿನಷ್ಟು, ಕೆಲವದರಲ್ಲಿ ಅದಕ್ಕೂ ಹೆಚ್ಚು. ಬೆನ್ನಿನ ರಿಂಗಿನಿಂದ ಪಾದದವರೆಗೆ ಒಂದೂವರೆ ಮೀಟರ್. ಕಾಲಡಿ ಒಂದು ಮೀಟರ್ ಜಾಗ ಉಳಿಯಬೇಕೆಂದರೆ ಕೊಕ್ಕೆ ಸಿಕ್ಕಿಸಿದ ಕಡೆಯಿಂದ ನೆಲಕ್ಕೆ ಐದು ಮೀಟರಿಗಿಂತ ಹೆಚ್ಚು ಅಂತರ ಬೇಕಾಯಿತು. ನಮ್ಮ 8 ಮೀಟರ್ ಕಂಬದಲ್ಲಿ ಆರರಲ್ಲೊಂದು ಪಾಲು ಮಣ್ಣಿನೊಳಗಿರುತ್ತದೆ, ಹೊರಗೆ ಕಾಣುವುದು ಆರೂಮುಕ್ಕಾಲು ಮೀಟರಿಗೂ ಕಡಿಮೆ. ತುದಿಯಲ್ಲಿ ತಲೆಗಿಂತ ಮೇಲೆ ಕೊಕ್ಕೆ ಹಾಕಿದ್ದರೆ ಉಳಿದೀಯ. ಅರ್ಧ ಕಂಬದಲ್ಲಿ ಕೈಜಾರಿದರೆ ಹಗ್ಗ ಪೂರ್ತಿ ಹಿಡಿಯುವ ಮುಂಚೆ ನೆಲ ಸಿಕ್ಕಿರುತ್ತದೆ. ಬಹುಮಹಡಿ ಕಟ್ಟಡದವರಿಗೆಂದು ಮಾಡಿದ ಸಾಮಾನನ್ನೇ ನಮಗೂ ಕೊಡುತ್ತಾರೆ. ಗಿಡ್ಡ ಕಂಬದಲ್ಲಿ ಬೀಳಲು ಜಾಗವೇ ಇಲ್ಲ ತಮ್ಮಾ, ಬೀಳುವುದಕ್ಕೇ ಬಿಡದ ಸಾಧನ ನಮಗೆ ಬೇಕು.

ಎಂದರೆ ಕಂಬವನ್ನು ಬಳಸಿ ಸೊಂಟದ ಎರಡೂ ರಿಂಗಿಗೆ ಸಿಕ್ಕಿಸುವ, ಉದ್ದ ಹೊಂದಿಸಬಲ್ಲ ಪಟ್ಟಿ. ಒಂದಲ್ಲ, ಎರಡು ತೆಗೆದುಕೋ. ಕ್ರಾಸ್ ಆರ್ಮ್ ದಾಟುವಾಗ ಒಂದನ್ನು ಮೇಲೆ ಸಿಕ್ಕಿಸಿದ ಮೇಲೆಯೇ ಕೆಳಗಿನದನ್ನು ಬಿಚ್ಚು. ಪಟ್ಟಿ ಎಷ್ಟು ಬಿಗಿಯಾಗಿರಬೇಕೆಂದರೆ ಜಾರಿದರೂ ಎರಡಡಿ ಮೀರಬಾರದು. ಅಮೆರಿಕದಲ್ಲಿ 2015ರ ಏಪ್ರಿಲ್‌ನಿಂದ ಕಂಬ ಹತ್ತುವಾಗಲೂ ಇಳಿಯುವಾಗಲೂ ಬೀಳದಂತೆ ರಕ್ಷಣೆ ಕಡ್ಡಾಯವಾಗಿದೆ. ಕಾಲು ತಪ್ಪಿದೊಡನೆ ಕಂಬವನ್ನು ಹಿಂಡಿ ಹಿಡಿಯುವ ಪಟ್ಟಿಗಳು ಅಲ್ಲಿನ ಲೈನ್‌ಮನ್‌ಗಳ ಬಳಕೆಯಲ್ಲಿವೆ. ಆದರೆ ಅವು ಮುಖ್ಯವಾಗಿ ಗುಂಡನೆಯ ಮರದ ಕಂಬಕ್ಕೆ ಮಾಡಿದವು. ನಮ್ಮ ಚೌಕನೆಯ ಸಿಮೆಂಟ್ ಕಂಬದ ಮೇಲೆ ಅಂಥ ಪಟ್ಟಿ ಕಚ್ಚುತ್ತದೆಯೇ ಎಂದು ನೆಲದಿಂದ ಎರಡಡಿ ಮೇಲೆ ನಿಂತು ಮೈಭಾರ ಬಿಟ್ಟು ನೋಡದೆ ನಂಬಬೇಡ. ಬರೀ ಹಗ್ಗದ ಕುಣಿಕೆಯಂತೂ ಸರ್ರನೆ ಕೆಳಗಿಳಿಯುತ್ತದೆ. ಹಿಡಿತ ಖಾತ್ರಿಯಾಗದಿದ್ದರೆ ಏಣಿಯೇ ವಾಸಿ. ಬುಡವನ್ನು ಜೊತೆಗಾರ ಹಿಡಿದಿರಲಿ, ಮೇಲೆ ಹೋದೊಡನೆ ತುದಿಯನ್ನು ಕಂಬಕ್ಕೆ ಕಟ್ಟು.

ಉಕ್ಕಿನ ತಂತಿಯ ಹಗ್ಗ ಗಟ್ಟಿಯಾಗಿ ಕಾಣುತ್ತದೆ, ಲೈನಿನ ಹತ್ತಿರ ಅದೇ ಯಮಪಾಶ. ಬಟ್ಟೆಯ ಪಟ್ಟಿಯೂ ಒದ್ದೆಯಾದರೆ ಕರೆಂಟ್ ಹರಿಸುತ್ತದೆ. ನೈಲಾನ್ ಆದರೆ ಫ್ಲ್ಯಾಶ್ ಹೊಡೆದಾಗ ಕರಗುತ್ತದೆ. ಬೆಂಕಿ ತಾಳುವ ಅರಾಮಿಡ್ ನೂಲಿನ ಹಾರ್ನೆಸ್ ಸಿಕ್ಕರೆ ಬಿಡಬೇಡ, ಬೆಲೆ ಹೆಚ್ಚಾದರೂ ಅದು ದುಂದಲ್ಲ. ಯಾವುದೇ ತೊಟ್ಟಿದ್ದರೂ ಲೈನ್ ಕ್ಲಿಯರ್ (ಎಲ್‌ಸಿ) ತೆಗೆದುಕೊಂಡು, ಟೆಸ್ಟ್ ಮಾಡಿ, ಎರಡೂ ಕಡೆ ಅರ್ಥ್ ಮಾಡದೆ ಕೈ ಹಾಕಬೇಡ.

ದಿನಾ ಬೆಳಿಗ್ಗೆ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸುತ್ತಾ ಬೆರಳಾಡಿಸು. ಕಡಿದ ಎಳೆ ಅಲ್ಲೇ ಮುಳ್ಳಿನಂತೆ ಮೇಲೇಳುತ್ತದೆ. ಸಿಮೆಂಟ್ ಕಂಬದ ಏಣು ಉಜ್ಜುವ ಜಾಗವನ್ನು ಇನ್ನೊಮ್ಮೆ ನೋಡು. ಕೊಕ್ಕೆ ಎರಡು ಕಡೆ ಒತ್ತಿದರೆ ಮಾತ್ರ ತೆರೆಯುವಂಥದ್ದಿರಲಿ. ತೊಟ್ಟ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಏಳು. ತೊಡೆಗೂ ಪಟ್ಟಿಗೂ ನಡುವೆ ಚಪ್ಪಟೆ ಅಂಗೈ ಹೋಗಬೇಕು, ಮುಷ್ಟಿ ಹೋಗಬಾರದು. ಒಮ್ಮೆ ಬಿದ್ದವನನ್ನು ಹಿಡಿದ ಹಾರ್ನೆಸ್ ಹೊಸದರಂತೆ ಕಂಡರೂ ಕತ್ತರಿಸಿ ಎಸೆ. ಜೀಪಿನಲ್ಲಿ ಆಯಿಲ್ ಡಬ್ಬದ ಪಕ್ಕ ತುರುಕಬೇಡ, ನೆರಳಲ್ಲಿ ನೇತುಹಾಕು.

ಕಂಬವನ್ನೂ ನೋಡು. ರೈಲ್ ಕಂಬ ತುಕ್ಕು ಹಿಡಿಯುವುದು ಮಣ್ಣು ಸೇರುವ ಕಡೆಯೇ, ಬುಡ ಕೆದಕಿ ತಟ್ಟಿ ನೋಡು. ಕಬ್ಬಿಣ ಹೊರಬಂದ ಸಿಮೆಂಟ್ ಕಂಬಕ್ಕೆ ಕಟ್ಟಿಕೊಂಡರೆ ಕಂಬದ ಜೊತೆ ನೀನೂ ಬೀಳುತ್ತೀಯ.

ಒಬ್ಬನೇ ಹತ್ತಬೇಡ. ಹಾರ್ನೆಸ್ಸಿನಲ್ಲಿ ನೇತಾಡುವವನಿಗೆ ಕಾಲಿನಲ್ಲೇ ರಕ್ತ ನಿಂತು ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು, ಇಳಿಸುವವರು ಕೆಳಗೇ ಇರಬೇಕು.

ಇನ್ನೊಂದು ಮಾತು. ನಿನ್ನ ಜೊತೆ ಬರುವ ಗುತ್ತಿಗೆಯ ಹುಡುಗನ ಮೈಮೇಲೆ ಎಷ್ಟೋ ಸಲ ಒಂದು ಟವೆಲ್ ಬಿಟ್ಟರೆ ಏನೂ ಇರುವುದಿಲ್ಲ. ಅವನಿಗೂ ಹಾರ್ನೆಸ್ ಬೇಕೆಂದು ಸೆಕ್ಷನ್ ಆಫೀಸಿನಲ್ಲಿ ಅರ್ಜಿ ಬರೆದು ಕೊಟ್ಟು ಸ್ವೀಕೃತಿ ಪಡೆ. ಅದು ಬರುವವರೆಗೆ ಅವನನ್ನು ಕಂಬ ಹತ್ತಿಸಬೇಡ.

ಇಂತಿ,
ನಿನ್ನ ಹಿರಿಯಣ್ಣ