ಮಣ್ಣು ಸವೆಯುವುದೂ ಗುಡ್ಡ ಕುಸಿಯುವುದೂ ಒಂದೇ ಅಲ್ಲ

ಬಿದ್ದ ಮಳೆ ನೀರನ್ನು ಬಿದ್ದಲ್ಲಿಯೇ ಇಂಗಿಸಬೇಕು ಎಂಬ ಮಾತನ್ನು ರೈತ ಬಾಂಧವರು ಬಹಳ ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ಬಯಲುಸೀಮೆಯ ಹೊಲಗಳಿಗೆ ಈ ಮಾತು ನೂರಕ್ಕೆ ನೂರು ಸರಿ. ಆದರೆ ಮಲೆನಾಡಿನ ಕಡಿದಾದ ಗುಡ್ಡಕ್ಕೆ ಇದನ್ನೇ ಹಾಗೆಹಾಗೇ ಅನ್ವಯಿಸಿದರೆ ಅಪಾಯಕ್ಕೆ ದಾರಿಯಾಗಬಹುದು.

2018ರ ಆಗಸ್ಟ್ ತಿಂಗಳ ನಡುವೆ ಕೊಡಗಿನಲ್ಲಿ ಆದದ್ದನ್ನು ಯಾರೂ ಮರೆತಿಲ್ಲ. ಮಕ್ಕಂದೂರು, ಕಾಲೂರು, ಹಟ್ಟಿಹೊಳೆ ಸುತ್ತಮುತ್ತ ಮತ್ತು ಸಂಪಾಜೆ ದಾರಿಯ ಜೋಡುಪಾಲದಲ್ಲಿ ಗುಡ್ಡಗಳು ಕುಸಿದು ಜೀವಹಾನಿಯಾಯಿತು. ಕಾಫಿ ತೋಟಗಳು ನಿಂತ ಗಿಡಮರಗಳ ಸಮೇತ ಕೆಳಗೆ ಜಾರಿದವು. ಕಣಿವೆಯ ಗದ್ದೆಗಳ ಮೇಲೆ ಕೆಸರು, ಕಲ್ಲು, ಮರದ ದಿಮ್ಮಿಗಳು ಬಂದು ಕೂತವು. ಅಲ್ಲಿ ಹಸಿರು ಹೊದಿಕೆಗೆ ಕೊರತೆ ಇರಲಿಲ್ಲ, ಮರಗಳೂ ಇದ್ದವು. ಆದರೂ ಗುಡ್ಡ ನಿಲ್ಲಲಿಲ್ಲ. ಇದಕ್ಕೆ ಕಾರಣವೇನು? ಮಳೆ, ಇಳಿಜಾರು ಮತ್ತು ಮಣ್ಣಿನ ಗುಣ ಈ ಮೂರೂ ಹೇಗೆ ಕೂಡಿ ಕೆಲಸ ಮಾಡುತ್ತವೆ ಎಂಬುದನ್ನು ತಿಳಿದರೆ ಉತ್ತರ ಸಿಗುತ್ತದೆ. ಜೊತೆಗೆ, ನೀರನ್ನು ಎಲ್ಲಿ ಹಿಡಿಯಬೇಕು, ಎಲ್ಲಿ ಹೊರಗೆ ಬಿಡಬೇಕು ಎಂಬುದೂ ತಿಳಿಯುತ್ತದೆ.

ಎರಡರ ನಡುವಿನ ವ್ಯತ್ಯಾಸ

ಭೂಸವಕಳಿಯು ನೆಲದ ಮೇಲೆ ಹರಿಯುವ ನೀರಿನ ಕೆಲಸ. ಅದು ಮೇಲ್ಮಣ್ಣನ್ನು ಪದರ ಪದರವಾಗಿ ಒಯ್ಯುತ್ತದೆ. ಭೂಕುಸಿತವು ನೆಲದ ಒಳಗೆ ಸೇರಿದ ನೀರಿನ ಕೆಲಸ. ಅದು ಹಲವು ಅಡಿ ಆಳದ ಮಣ್ಣನ್ನು ಒಂದೇ ಸಲ ಜಾರಿಸುತ್ತದೆ. ಸವಕಳಿ ನಿಧಾನವಾದ ರೋಗ, ಕುಸಿತ ಹಠಾತ್ ಆಘಾತ.

ನಿಧಾನವಾದ ರೋಗವೆಂದು ಸವಕಳಿಯನ್ನು ಕಡೆಗಣಿಸುವಂತಿಲ್ಲ. ನಮ್ಮ ದೇಶದಲ್ಲಿ ಸರಾಸರಿ ಒಂದು ಹೆಕ್ಟೇರಿನಿಂದ ವರ್ಷಕ್ಕೆ 16.4 ಟನ್ ಮಣ್ಣು ಕೊಚ್ಚಿಹೋಗುತ್ತದೆ ಎಂದು 1983ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಅಂದರೆ ಎಕರೆಗೆ ಸುಮಾರು 6.5 ಟನ್. ಹೊಲದ ಮೇಲೆ ಹರಡಿ ನೋಡಿದರೆ ಇದು ಒಂದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ದಪ್ಪದ ಪದರ ಮಾತ್ರ. ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದಲೇ ರೈತನಿಗೆ ನಷ್ಟವಾದದ್ದು ಗೊತ್ತಾಗುವುದಿಲ್ಲ. ಹೋಗುವುದು ಮಾತ್ರ ಗೊಬ್ಬರದ ಸಾರವೆಲ್ಲ ಇರುವ ಮೇಲ್ಮಣ್ಣೇ.

ಮಳೆಯ ಪಾತ್ರ

ಚಳ್ಳಕೆರೆಯಲ್ಲಿ ವರ್ಷಕ್ಕೆ 500 ಮಿ.ಮೀ. ಆಸುಪಾಸಿನ ಮಳೆ, ಆಗುಂಬೆಯಲ್ಲಿ 7,000 ಮಿ.ಮೀ.ಗೂ ಮೀರಿದ ಮಳೆ. ಹಾಗೆಂದು ಚಳ್ಳಕೆರೆಯ ಹೊಲದಲ್ಲಿ ಸವಕಳಿ ಇಲ್ಲವೆಂದಲ್ಲ. ಸವಕಳಿಗೆ ಮುಖ್ಯವಾದದ್ದು ಒಟ್ಟು ಮಳೆಯಲ್ಲ, ಅದು ಸುರಿಯುವ ರಭಸ.

ದೊಡ್ಡ ಮಳೆ ಹನಿ ಸೆಕೆಂಡಿಗೆ ಸುಮಾರು 9 ಮೀಟರು ವೇಗದಲ್ಲಿ ನೆಲಕ್ಕೆ ಬಡಿಯುತ್ತದೆ. ಬರಿ ನೆಲದ ಮೇಲೆ ಈ ಹೊಡೆತ ಮಣ್ಣಿನ ಕಣಗಳನ್ನು ಒಡೆದು ಚಿಮ್ಮಿಸುತ್ತದೆ. ಒಡೆದ ನುಣ್ಣನೆಯ ಕಣಗಳು ಮಣ್ಣಿನ ರಂಧ್ರಗಳನ್ನು ಮುಚ್ಚಿ ಹೆಪ್ಪುಗಟ್ಟಿಸುತ್ತವೆ. ಆಮೇಲೆ ಬಿದ್ದ ನೀರು ಇಂಗದೆ ಹರಿಯುತ್ತದೆ. ಮುಂಗಾರಿನ ಮೊದಲ ಗುಡುಗು ಮಳೆಗಳು ಉತ್ತು ಬಿಟ್ಟ ಬರಿ ನೆಲದ ಮೇಲೆ ಅರ್ಧ ಗಂಟೆ ಸುರಿದರೂ ಸಾಕು, ತಿಂಗಳಿಡೀ ಬಿದ್ದ ಜಡಿ ಮಳೆಗಿಂತ ಹೆಚ್ಚು ಮಣ್ಣನ್ನು ಒಯ್ಯಬಲ್ಲವು.

ಕುಸಿತದ ಲೆಕ್ಕ ಬೇರೆ. ಅಲ್ಲಿ ಒಂದು ದಿನದ ಮಳೆಯ ಜೊತೆಗೆ ಅದಕ್ಕೂ ಹಿಂದಿನ ವಾರಗಳಲ್ಲಿ ಬಿದ್ದ ಮಳೆಯನ್ನೂ ಕೂಡಿಸಬೇಕು. 2018ರಲ್ಲಿ ಕೊಡಗಿನ ಗುಡ್ಡಗಳು ಜೂನ್ ಮತ್ತು ಜುಲೈ ತಿಂಗಳ ಮಳೆಯಿಂದಲೇ ನೀರು ಕುಡಿದು ತುಂಬಿದ್ದವು. ಅದರ ಮೇಲೆ ಆಗಸ್ಟ್ ನಡುವಿನ ಕೆಲವೇ ದಿನಗಳ ಭಾರೀ ಮಳೆ ಸುರಿಯಿತು. ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದಂತಾಯಿತು.

100 ಮಿ.ಮೀ. ಮಳೆ ಎಂದರೆ ಒಂದು ಎಕರೆಯ ಮೇಲೆ ಸುಮಾರು 4 ಲಕ್ಷ ಲೀಟರು, ಅಂದರೆ 400 ಟನ್ ನೀರು. ಇದರ ಭಾರ ಒಂದು ಕಡೆ. ಅದಕ್ಕಿಂತ ದೊಡ್ಡ ಅಪಾಯ ಈ ನೀರು ಮಣ್ಣಿನ ಕಣಗಳ ನಡುವೆ ಸೇರಿ ಅವುಗಳ ಹಿಡಿತವನ್ನು ಬಿಡಿಸುವುದು. ತುಸು ಒದ್ದೆಯಾದ ಮರಳನ್ನು ಗುಡ್ಡೆ ಹಾಕಿದರೆ ನಿಲ್ಲುತ್ತದೆ. ಅದೇ ಗುಡ್ಡೆಯ ಮೇಲೆ ಒಂದು ಕೊಡ ನೀರು ಸುರಿದರೆ ಕುಸಿದು ಹರಿಯುತ್ತದೆ. ಬೆಟ್ಟದಲ್ಲಿ ಆಗುವುದೂ ಇದೇ.

ಇಳಿಜಾರಿನ ಪಾತ್ರ

ನೂರು ಅಡಿ ದೂರಕ್ಕೆ ನೆಲ ಎಷ್ಟು ಅಡಿ ತಗ್ಗುತ್ತದೋ ಅಷ್ಟು ಶೇಕಡಾ ಇಳಿಜಾರು ಎನ್ನುತ್ತೇವೆ. ಅಮೆರಿಕದ ವಿಶ್ಮೇಯರ್ ಮತ್ತು ಸ್ಮಿತ್ ಎಂಬ ವಿಜ್ಞಾನಿಗಳು ರೂಪಿಸಿದ ಸವಕಳಿ ಸೂತ್ರ ನಮ್ಮ ದೇಶದಲ್ಲೂ ಬಳಕೆಯಲ್ಲಿದೆ. ಅದರ ಪ್ರಕಾರ, ಉಳಿದುದೆಲ್ಲ ಒಂದೇ ಆಗಿದ್ದರೆ, ಶೇ. 2 ಇಳಿಜಾರಿನಲ್ಲಿ 1 ಟನ್ ಮಣ್ಣು ಹೋಗುವ ಕಡೆ ಶೇ. 4ರಲ್ಲಿ ಸುಮಾರು 2 ಟನ್, ಶೇ. 9ರಲ್ಲಿ 5 ಟನ್ನಿಗೂ ಹೆಚ್ಚು ಹೋಗುತ್ತದೆ.

ಇಳಿಜಾರಿನ ಉದ್ದವೂ ಮುಖ್ಯ. ಶೇ. 5 ಅಥವಾ ಹೆಚ್ಚಿನ ಇಳಿಜಾರಿನಲ್ಲಿ ನೀರು ಅಡ್ಡಿಯಿಲ್ಲದೆ ಹರಿಯುವ ಉದ್ದ ನಾಲ್ಕು ಪಟ್ಟಾದರೆ ಎಕರೆವಾರು ಸವಕಳಿ ಎರಡು ಪಟ್ಟಾಗುತ್ತದೆ. ಬದುಗಳು ಮಾಡುವ ಕೆಲಸವೆಂದರೆ ಈ ಉದ್ದವನ್ನು ತುಂಡರಿಸುವುದು.

ಕುಸಿತಗಳು ಸಾಮಾನ್ಯವಾಗಿ ಇದಕ್ಕಿಂತ ಬಹಳ ಕಡಿದಾದ, 20 ಡಿಗ್ರಿ ಮೀರಿದ ಇಳಿಜಾರಿನಲ್ಲಿ ಆಗುತ್ತವೆ. 20 ಡಿಗ್ರಿ ಎಂದರೆ ಸುಮಾರು ಶೇ. 36 ಇಳಿಜಾರು, 30 ಡಿಗ್ರಿ ಎಂದರೆ ಶೇ. 58. ತೀರಾ ನೆಟ್ಟಗಿರುವ ಬಂಡೆಯ ಮೇಲೆ ಮಣ್ಣು ನಿಲ್ಲುವುದೇ ಇಲ್ಲವಾದ್ದರಿಂದ ಅಲ್ಲಿ ಮಣ್ಣು ಜಾರುವ ಭಯ ಕಡಿಮೆ. ಮಣ್ಣು ದಪ್ಪವಾಗಿ ಕೂತಿರುವ ಕಡಿದಾದ ಇಳಿಜಾರೇ ಹೆಚ್ಚು ಅಪಾಯಕಾರಿ.

ಇದರ ಜೊತೆಗೆ ನಾವೇ ಮಾಡುವ ಇಳಿಜಾರೊಂದಿದೆ. ಮನೆಗೋ ರಸ್ತೆಗೋ ಜಾಗ ಬೇಕೆಂದು ಗುಡ್ಡದ ಬುಡ ಕಡಿದು ನೆಟ್ಟಗಿನ ಬರೆ ಮಾಡುತ್ತೇವೆ. ಭತ್ತದ ಮೂಟೆಗಳ ಅಟ್ಟಿಯಲ್ಲಿ ಕೆಳಗಿನ ಮೂಟೆ ಎಳೆದರೆ ಏನಾಗುತ್ತದೋ ಗುಡ್ಡಕ್ಕೂ ಅದೇ ಆಗುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಜನ ಸತ್ತದ್ದು ಹೆದ್ದಾರಿಯ ಪಕ್ಕ ಕಡಿದ ಗುಡ್ಡ ಕುಸಿದು.

ಮಣ್ಣಿನ ಗುಣದ ಪಾತ್ರ

ಮಣ್ಣು ನೀರನ್ನು ಒಳಕ್ಕೆ ಬಿಟ್ಟುಕೊಳ್ಳುವ ವೇಗ ಅದರ ಕಣಗಳ ಗಾತ್ರವನ್ನು ಅವಲಂಬಿಸಿದೆ. ಮರಳು ಮಿಶ್ರಿತ ಕೆಂಪು ಗೋಡು ಗಂಟೆಗೆ 20ರಿಂದ 30 ಮಿ.ಮೀ. ನೀರನ್ನು ಹೀರಬಲ್ಲದು. ಒದ್ದೆಯಾಗಿ ಊದಿಕೊಂಡ ಜಿಗುಟು ಎರೆ ಮಣ್ಣು 5 ಮಿ.ಮೀ.ಗಿಂತ ಹೆಚ್ಚು ಹೀರಲಾರದು. ಆದ್ದರಿಂದಲೇ ಎರೆ ಹೊಲಗಳಲ್ಲಿ ಇಳಿಜಾರು ಶೇ. 1 ಇದ್ದರೂ ಕೊರಕಲುಗಳು ಬೀಳುತ್ತವೆ. ಬಹಳ ನುಣ್ಣನೆಯ ಮರಳು ಮತ್ತು ರೇವೆ ಹೆಚ್ಚಿರುವ ಮಣ್ಣು ಎಲ್ಲಕ್ಕಿಂತ ಸುಲಭವಾಗಿ ಕೊಚ್ಚಿಹೋಗುತ್ತದೆ. ಕೊಟ್ಟಿಗೆ ಗೊಬ್ಬರ ಚೆನ್ನಾಗಿ ಬಿದ್ದ ಮಣ್ಣಿನ ಕಣಗಳು ಒಂದಕ್ಕೊಂದು ಅಂಟಿಕೊಂಡು ನಿಲ್ಲುತ್ತವೆ.

ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಒಣಗಿದ ಮಣ್ಣಿನ ಸಣ್ಣ ಹೆಂಟೆಯನ್ನು ತಿಳಿ ನೀರಿನ ಗಾಜಿನ ಲೋಟದಲ್ಲಿ ಮೆಲ್ಲಗೆ ಇಡಿ. ಕಲಕಬೇಡಿ. ಒಂದು ಗಂಟೆಯ ನಂತರವೂ ಹೆಂಟೆ ಹೆಚ್ಚುಕಡಿಮೆ ಹಾಗೇ ಇದ್ದರೆ ಮಣ್ಣಿನ ಕಟ್ಟು ಗಟ್ಟಿಯಾಗಿದೆ. ಕುಸಿದು ಪುಡಿಯಾದರೆ ಸಾವಯವ ಅಂಶ ಸಾಲದು. ಸುತ್ತಲಿನ ನೀರು ಹಾಲಿನಂತೆ ಕದಡಿದರೆ ಆ ಮಣ್ಣು ಬಹುಬೇಗ ಸವೆಯುತ್ತದೆ.

ಮಲೆನಾಡಿನ ಗುಡ್ಡಗಳಲ್ಲಿ ಮೇಲಿನ ಮಣ್ಣು ನೀರನ್ನು ಚೆನ್ನಾಗಿಯೇ ಒಳಕ್ಕೆ ಬಿಡುತ್ತದೆ. ತೊಂದರೆ ಇರುವುದು ಕೆಳಗೆ. ಸಾವಿರಾರು ವರ್ಷಗಳ ಮಳೆಯಲ್ಲಿ ಕೊಳೆತ ಕಲ್ಲು ಮೆತ್ತನೆಯ ಜೇಡಿಯಾಗಿ ಹಲವು ಮೀಟರು ಆಳಕ್ಕೆ ಕೂತಿರುತ್ತದೆ. ಕರಾವಳಿಯವರು ಮುರಕಲ್ಲಿನ ಕೆಳಗೆ ಸಿಗುವ ಇದನ್ನು ಶೇಡಿ ಮಣ್ಣು ಎನ್ನುತ್ತಾರೆ. ಒಣಗಿದಾಗ ಗಟ್ಟಿ, ನೆನೆದಾಗ ಬೆಣ್ಣೆ. ಮೇಲಿನಿಂದ ಇಳಿದ ನೀರು ಇದರ ಮೇಲೋ ಬಂಡೆಯ ಮೇಲೋ ತಡೆದು ನಿಂತಾಗ ಅದೇ ಜಾರುಬಂಡೆಯಾಗುತ್ತದೆ.

ಮರದ ಬೇರು ಒಂದೆರಡು ಮೀಟರು ಆಳದವರೆಗೆ ಮಣ್ಣನ್ನು ಹಿಡಿಯುತ್ತದೆ. ಜಾರುವ ಪದರ ಅದಕ್ಕೂ ಕೆಳಗಿದ್ದರೆ ಮರವೂ ಮಣ್ಣಿನ ಜೊತೆಗೇ ಜಾರುತ್ತದೆ. ಮಕ್ಕಂದೂರಿನ ಕಡೆ ಹಸಿರು ತೋಟಗಳೂ ಉಳಿಯದ್ದಕ್ಕೆ ವಿವರಣೆ ಇಲ್ಲಿದೆ. ಹಾಗೆಂದು ಮರ ಕಡಿಯಬಹುದೆಂದು ಅರ್ಥವಲ್ಲ. ಕಡಿದ ಮರದ ಬೇರು ಕೆಲವು ವರ್ಷಗಳಲ್ಲಿ ಕೊಳೆತು ಹಿಡಿತ ಬಿಡುತ್ತದೆ. ಆಗ ಮೇಲ್ಪದರದ ಕುಸಿತಗಳೂ ಹೆಚ್ಚುತ್ತವೆ.

ಬಯಲುಸೀಮೆಯಲ್ಲಿ ಏನು ಮಾಡಬೇಕು?

ಇಲ್ಲಿ ನಿಯಮ ಒಂದೇ: ನೀರನ್ನು ನಿಲ್ಲಿಸಿ, ಇಂಗಿಸಿ.

1. ಉಳುಮೆ, ಬಿತ್ತನೆ ಎಲ್ಲವೂ ಇಳಿಜಾರಿಗೆ ಅಡ್ಡಲಾಗಿರಲಿ.

2. ಮಳೆ 600 ಮಿ.ಮೀ.ಗಿಂತ ಕಡಿಮೆ ಇರುವ ಕೆಂಪು ಹೊಲಗಳಲ್ಲಿ ಸಮಪಾತಳಿ ಬದು ಹಾಕಿ. ಬದುಗಳ ನಡುವಿನ ಅಂತರ ಶೇ. 2 ಇಳಿಜಾರಿಗೆ ಸುಮಾರು 40 ಮೀ., ಶೇ. 3ಕ್ಕೆ 30 ಮೀ., ಶೇ. 6ಕ್ಕೆ 20 ಮೀ. ಇರಲಿ.

3. ಎರೆ ಹೊಲದಲ್ಲಿ ಮತ್ತು ಹೆಚ್ಚು ಮಳೆಯ ಕಡೆ ಬದುವಿಗೆ ತುಸು ವಾಟ ಕೊಟ್ಟು, ಹೆಚ್ಚಾದ ನೀರು ಕಲ್ಲು ಕಟ್ಟಿದ ಕೋಡಿಯಿಂದ ಹುಲ್ಲು ಬೆಳೆದ ಕಾಲುವೆಗೆ ಹೋಗುವಂತೆ ಮಾಡಿ. ಕೋಡಿ ಇಲ್ಲದ ಬದು ಒಡೆದರೆ ಬದುವೇ ಇಲ್ಲದ ಹೊಲಕ್ಕಿಂತ ಹೆಚ್ಚು ಹಾನಿ.

4. ಬದುವಿನ ಮೇಲೆ ಲಾವಂಚ ನೆಡಿ. ಗುಂಡ್ಲುಪೇಟೆ ಕಡೆಯ ರೈತರು ಯಾರೂ ಹೇಳಿಕೊಡದೆ ತಲೆಮಾರುಗಳಿಂದ ಹೊಲದ ಅಂಚಿಗೆ ಇದನ್ನು ನೆಟ್ಟು ಬಂದಿದ್ದಾರೆ.

5. ಮುಂಗಾರಿನ ಆರಂಭದಲ್ಲಿ ನೆಲ ಬರಿದಾಗಿ ಇರಬಾರದು. ಹುರುಳಿ, ಅಲಸಂದೆಯಂತಹ ಹಬ್ಬುವ ಬೆಳೆಯೋ ಕೂಳೆ, ರವದಿಯ ಹೊದಿಕೆಯೋ ಇರಲಿ.

ಕಡಿದಾದ ಗುಡ್ಡದಲ್ಲಿ ಏನು ಮಾಡಬೇಕು?

ಇಲ್ಲಿ ನಿಯಮ ಬೇರೆ: ಮಣ್ಣನ್ನು ಹಿಡಿಯಿರಿ, ಹೆಚ್ಚಾದ ನೀರನ್ನು ಉಪಾಯವಾಗಿ ಹೊರಗೆ ಕಳಿಸಿ.

ಕಾಫಿ ತೋಟಗಳಲ್ಲಿ ತೊಟ್ಟಿಲು ಗುಂಡಿ ತೆಗೆಯುವುದು ಹಳೆಯ ಪದ್ಧತಿ. ಸಾಧಾರಣ ಇಳಿಜಾರಿನಲ್ಲಿ ಅದು ಒಳ್ಳೆಯದೇ. ಬೇಸಿಗೆಗೆ ತೇವ ಉಳಿಯುತ್ತದೆ. ಆದರೆ ಮಣ್ಣು ಆಳವಾಗಿರುವ, 20 ಡಿಗ್ರಿ ಮೀರಿದ, ಭಾರೀ ಮಳೆಯ ಇಳಿಜಾರಿನಲ್ಲಿ ಹೊಸ ಇಂಗುಗುಂಡಿ, ಉದ್ದನೆಯ ಕಂದಕ ಅಥವಾ ಕೃಷಿ ಹೊಂಡ ತೆಗೆಯಬೇಡಿ. ಬಯಲುಸೀಮೆಯಲ್ಲಿ ಬಾವಿಗೆ ಜೀವ ಕೊಡುವ ಅದೇ ಗುಂಡಿ ಇಲ್ಲಿ ಗುಡ್ಡದ ಹೊಟ್ಟೆಗೆ ನೀರು ತುಂಬುತ್ತದೆ.

1. ಮನೆ, ತೋಟದ ಮೇಲ್ಭಾಗದಲ್ಲಿ ಅಡ್ಡ ಚರಂಡಿ ತೆಗೆದು, ಮೇಲಿನಿಂದ ಬರುವ ನೀರನ್ನು ಕಲ್ಲು ಹಾಸಿದ ಕಾಲುವೆಯ ಮೂಲಕ ಸಹಜ ಹಳ್ಳಕ್ಕೆ ಬಿಡಿ. ಮಳೆಗಾಲಕ್ಕೆ ಮೊದಲು ಹೂಳು ತೆಗೆಯಿರಿ.

2. ಸಹಜ ಹಳ್ಳವನ್ನು ಮುಚ್ಚಿ ಗದ್ದೆಯನ್ನೋ ನಿವೇಶನವನ್ನೋ ಮಾಡಬೇಡಿ. ನೀರು ತನ್ನ ದಾರಿಯನ್ನು ಮರೆಯುವುದಿಲ್ಲ.

3. ಬುಡದ ಬರೆಯನ್ನು ನೆಟ್ಟಗೆ ಕಡಿಯಬೇಡಿ. ಕಡಿಯಲೇಬೇಕಾದರೆ ಮೆಟ್ಟಿಲು ಮೆಟ್ಟಿಲಾಗಿ ಕಡಿದು, ನೀರು ಬಸಿಯಲು ತೂತು ಬಿಟ್ಟ ತಡೆಗೋಡೆ ಕಟ್ಟಿ. ತೂತಿಲ್ಲದ ಗೋಡೆಯ ಹಿಂದೆ ನೀರು ತುಂಬಿ ಗೋಡೆಯನ್ನೇ ದೂಡುತ್ತದೆ.

4. ಕಡಿದ ಮಣ್ಣನ್ನು ಇಳಿಜಾರಿನ ಅಂಚಿಗೆ ಸುರಿಯಬೇಡಿ. ಮಳೆಗಾಲದಲ್ಲಿ ಯಂತ್ರದಿಂದ ಗುಡ್ಡ ಅಗೆಯುವ ಕೆಲಸ ಬೇಡವೇ ಬೇಡ.

5. ನೆರಳಿನ ಮರಗಳಲ್ಲಿ ಒಂದೇ ಜಾತಿಯ ಬದಲು ಆಳ ಬೇರಿನ ಹಲವು ಕಾಡು ಜಾತಿಗಳನ್ನು ಉಳಿಸಿಕೊಳ್ಳಿ.

ಗುಡ್ಡ ಕೊಡುವ ಮುನ್ಸೂಚನೆ

ಕುಸಿತಕ್ಕೆ ಮೊದಲು ಗುಡ್ಡ ಹಲವು ಬಾರಿ ಸೂಚನೆ ಕೊಡುತ್ತದೆ. ಮೇಲಿನ ತೋಟದಲ್ಲಿ ಬಿಲ್ಲಿನಾಕಾರದ ಬಿರುಕು. ಮರ ಮತ್ತು ವಿದ್ಯುತ್ ಕಂಬಗಳು ಹೊಸದಾಗಿ ವಾಲುವುದು. ಮನೆಯ ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು. ಇಲ್ಲದ ಕಡೆ ಒರತೆ ಏಳುವುದು. ತಿಳಿಯಾಗಿದ್ದ ತೊರೆ ಕೆಸರಾಗುವುದು ಅಥವಾ ಮಳೆ ಸುರಿಯುತ್ತಿದ್ದರೂ ಹರಿವು ತಟ್ಟನೆ ನಿಲ್ಲುವುದು. ಇವುಗಳಲ್ಲಿ ಒಂದು ಕಂಡರೂ ಸಾಮಾನು ಎತ್ತಿಡುತ್ತ ಕೂರದೆ ಮಕ್ಕಳು, ಹಿರಿಯರೊಡನೆ ಮನೆ ಬಿಡಿ. ಹಳ್ಳದ ದಾರಿ ಹಿಡಿಯದೆ ಪಕ್ಕದ ಗಟ್ಟಿ ದಿಣ್ಣೆಗೆ ಹೋಗಿ. ಜಿಲ್ಲಾ ತುರ್ತು ಸಹಾಯವಾಣಿ 1077ಕ್ಕೆ ತಿಳಿಸಿ. ಮಳೆ ಬಿಡುವು ಕೊಟ್ಟಿತೆಂದು ಒಡನೆ ಹಿಂದಿರುಗಬೇಡಿ. ಒಳಗಿನ ನೀರು ಬಸಿಯಲು ದಿನಗಳು ಬೇಕು.

ಬಿರುಕು ಚಿಕ್ಕದಾಗಿದ್ದು ಬೇಸಿಗೆಯಲ್ಲೇ ಕಂಡರೆ, ಮಳೆಗೆ ಮೊದಲೇ ಅದಕ್ಕೆ ಜೇಡಿ ಮಣ್ಣು ತುಂಬಿ ದಮ್ಮಸು ಮಾಡಿ, ನೀರು ಒಳಗಿಳಿಯದಂತೆ ತಡೆದು, ತಜ್ಞರಿಗೆ ತೋರಿಸಿ.

ಕೊನೆಯದಾಗಿ

ಗುಂಡಿ ತೆಗೆಯುವ ಮೊದಲು ಪ್ರತಿ ರೈತನೂ ಮೂರು ಪ್ರಶ್ನೆ ಕೇಳಿಕೊಳ್ಳಬೇಕು. ಇಲ್ಲಿ ಮಳೆ ಎಷ್ಟು ಮತ್ತು ಹೇಗೆ ಬೀಳುತ್ತದೆ? ಇಳಿಜಾರು ಎಷ್ಟು? ಮಣ್ಣು ಎಷ್ಟು ಆಳ, ಅದರ ಕೆಳಗೇನಿದೆ? ಉತ್ತರ ಚಳ್ಳಕೆರೆಯಲ್ಲಿ ಒಂದು, ಮಕ್ಕಂದೂರಿನಲ್ಲಿ ಇನ್ನೊಂದು. ಪಕ್ಕದ ತೋಟದವರು ಮಾಡಿದರೆಂದು ನಾವೂ ಮಾಡುವುದು ಬೇಡ. ಸಂಶಯವಿದ್ದಲ್ಲಿ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದವರನ್ನು ಕರೆದು ಜಾಗ ತೋರಿಸಿ, ಆಮೇಲೆ ಹಾರೆ ಹಿಡಿಯಿರಿ.